ಬಟ್ಟಲೊಳಗಿನ ತಾರೆ

ಟೋಕಿಯೊ ನಗರಕ್ಕೆ ಬಳೆ ತೊಡಿಸಿದ ಹಾಗೆ ಯಮನೊತೆ ರೈಲು ಸುತ್ತುತ್ತಿರುತ್ತದೆ. ಆ ಬಳೆಯ ವಾಯವ್ಯದ ಅಂಚಿನಲ್ಲಿ ತಕದನೊಬಬಾ ಎಂಬ ನಿಲ್ದಾಣ. ಅಷ್ಟುದ್ದ ಹೆಸರನ್ನು ದಿನಾ ಹೇಳಲು ಅಲ್ಲಿನವರಿಗೂ ಬೇಜಾರು. 'ಬಬಾ' ಅಂದು ಮುಗಿಸುತ್ತಾರೆ. ಕನ್ನಡದ ಕಿವಿಗೆ ಅದು 'ಬಾ ಬಾ' ಎಂದೇ ಬೀಳುತ್ತದೆ. ಊಟದ ಹೊತ್ತಿನಲ್ಲಿ ಹಾಗೆ ಕೇಳಿಸಿಕೊಂಡರೆ ನಷ್ಟವೇನೂ ಇಲ್ಲ. ಅದರ ನಿಜವಾದ ಅರ್ಥ ಕುದುರೆ ಬಯಲು. 1636ರಲ್ಲಿ ಶೋಗನ್ ತೊಕುಗವ ಇಎಮಿತ್ಸು ಸವಾರಿಯ ಅಭ್ಯಾಸಕ್ಕೆಂದು ಮಾಡಿಸಿದ ಮೈದಾನವಿದು. 1694ರಲ್ಲಿ ಯಸುಬೆ ಎಂಬ ಸಮುರಾಯಿ ಇಲ್ಲಿ ಕತ್ತಿ ಹಿರಿದು ಹೆಸರು ಮಾಡಿದ. ಈಗ ಅದೇ ಹೆಸರು ಒಂದು ನೂಡಲ್ಸ್ ಅಂಗಡಿಯ ಬೋರ್ಡಿನ ಮೇಲಿದೆ. ಕತ್ತಿಯ ಜಾಗಕ್ಕೆ ಸೌಟು ಬಂದಿದೆ, ಕುದುರೆಗಳ ಜಾಗಕ್ಕೆ ವಸೆದಾ ವಿಶ್ವವಿದ್ಯಾಲಯದ ಹುಡುಗರು ಬಂದಿದ್ದಾರೆ. ಹಸಿವಿನ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಾಗಿರಲಾರದು.

ನಿಲ್ದಾಣದಿಂದ ವಿಶ್ವವಿದ್ಯಾಲಯದ ಕಡೆಗೆ ವಸೆದಾ ಬೀದಿ ಹಿಡಿದು ಇಪ್ಪತ್ತು ನಿಮಿಷ ನಡೆದರೆ, ಎಡಕ್ಕೆ ಬಲಕ್ಕೆ, ಸಂದಿಗೆ, ಮೆಟ್ಟಿಲ ಕೆಳಗೆ, ಎಲ್ಲೆಲ್ಲೂ ರಾಮೆನ್, ಅಂದರೆ ಬಿಸಿ ಸಾರಿನಲ್ಲಿ ಮುಳುಗಿದ ನೂಡಲ್ಸ್. ಇಂಥ ಕೇರಿಗೆ ಜಪಾನಿಯರು 'ಗೆಕಿಸೆಂಕು' ಅನ್ನುತ್ತಾರೆ, ಅಂದರೆ ಘೋರ ಸಮರದ ಜಾಗ. ಎಂಟು ಹತ್ತು ಸ್ಟೂಲಿನ ಅಂಗಡಿಗಳು ಒಂದರ ಪಕ್ಕ ಒಂದು ಸೌಟು ಹಿಡಿದು ನಿಂತಿರುವಾಗ, ಹೊಸದಾಗಿ ಬಂದವನು ಮಾಡುವ ಮೊದಲ ಕೆಲಸ ಜೇಬಿನಿಂದ ಫೋನ್ ತೆಗೆದು ನಕ್ಷತ್ರ ಎಣಿಸುವುದು. ಮೊದಲ ತಪ್ಪೂ ಅದೇ.

ನಕ್ಷತ್ರಗಳ ವಿಷಯದಲ್ಲಿ ಜಪಾನಿಯರದು ಜಿಪುಣ ಮೇಷ್ಟರ ಕೈ. ಅಲ್ಲಿನ ಜನ ನಂಬುವ ತಬೆಲಾಗ್ ಎಂಬ ತಾಣದಲ್ಲಿ 5ಕ್ಕೆ 3.5 ದಾಟಿದರೆ ಅದು ಫಸ್ಟ್ ಕ್ಲಾಸು. ಗೂಗಲ್ ನಕ್ಷೆಯ 4.5 ನೋಡಿ ರೂಢಿಯಾದವರು 3.4ರ ಒಳ್ಳೆಯ ಅಂಗಡಿಯನ್ನು ಮೂಗು ಮುರಿದು ದಾಟಿಹೋಗುತ್ತಾರೆ. ಗೂಗಲ್‌ನ ನಕ್ಷತ್ರಗಳಲ್ಲಿ ಇಂಗ್ಲಿಷ್ ಮೆನು ಇತ್ತು, ಹುಡುಗ ನಕ್ಕ, ಸೂಟ್‌ಕೇಸ್ ಇಡಲು ಜಾಗವಿತ್ತು ಎಂಬುದಕ್ಕೂ ಅಂಕ ಸೇರಿರುತ್ತದೆ. ಬಟ್ಟಲಿನ ಸಾರಿಗೆ ಎಷ್ಟು ಅಂಕ ಎಂದು ಬಿಡಿಸಿ ಹೇಳುವವರಿಲ್ಲ. ಹಾಗಾಗಿ ಸಂಖ್ಯೆಯನ್ನು ಬಿಟ್ಟು ಗ್ರಾಹಕರು ಹಾಕಿದ ಫೋಟೊ ನೋಡುವುದು ಮೇಲು. ಸಾರಿನ ಬಣ್ಣ, ಎಳೆಯ ದಪ್ಪ, ಮೇಲೆ ತೇಲುವ ಎಣ್ಣೆ, ಈ ಮೂರು ಕಂಡರೆ ಅರ್ಧ ತೀರ್ಪು ಆದಂತೆ.

ತಮಾಷೆಯೆಂದರೆ ರಾಮೆನ್ನಿನಲ್ಲೇ ಒಂದು 'ತಾರೆ' ಇದೆ. ಬಟ್ಟಲಿನ ತಳಕ್ಕೆ ಮೊದಲು ಬೀಳುವ, ಉಪ್ಪಿನ ಭಾರವನ್ನೆಲ್ಲ ಹೊರುವ ಗಟ್ಟಿ ರಸಕ್ಕೆ ಜಪಾನಿಯಲ್ಲಿ ಅದೇ ಹೆಸರು. ಸೋಯಾ ಸಾಸಿನದಾದರೆ ಶೋಯು, ಉಪ್ಪಿನದಾದರೆ ಶಿಯೊ, ಹುದುಗಿಸಿದ ಸೋಯಾ ಕಾಳಿನ ಹಿಟ್ಟಿನದಾದರೆ ಮಿಸೊ. ಸುಮಾರು 30 ಮಿಲಿಲೀಟರ್ ತಾರೆಗೆ 300 ಮಿಲಿಲೀಟರ್ ಸಾರು ಎಂಬುದು ಸಾಮಾನ್ಯ ಲೆಕ್ಕ. ಸಾರಿಗೆ ಬೇರೆ ಉಪ್ಪು ಹಾಕುವುದಿಲ್ಲ. ಅಂಗಡಿಯ ಗುಟ್ಟು ಇರುವುದು ಇಲ್ಲಿ. ಫೋನಿನ ತಾರೆಗಳನ್ನು ಎಣಿಸುವವರು ಬಟ್ಟಲಿನ ತಾರೆಯನ್ನು ಕೇಳುವುದೇ ಇಲ್ಲ.

ಸಾರಿನಲ್ಲಿ ಎರಡು ಪಂಥ. ಒಂದು ತಿಳಿ, ಇನ್ನೊಂದು ಬೆಳ್ಳನೆಯ ಬಗ್ಗಡ. ತಿಳಿಸಾರಿಗೆ 'ಚಿಂತಾನ್' ಎಂದು ಹೆಸರು. ಹೆಸರಿಗೆ ತಕ್ಕ ಹಾಗೆ ಅದು ಚಿಂತನೆ ಮಾಡುತ್ತಾ ಬೇಯಬೇಕಾದದ್ದು. ಕೋಳಿಯ ಮೂಳೆ ಹಾಕಿದ ನೀರು 90 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇರಬೇಕು, ಕುದಿಯಬಾರದು. ಅಪ್ಪಿತಪ್ಪಿ ಕೊತಕೊತ ಕುದಿದರೆ ಮೂಳೆಯ ಕೊಬ್ಬು ಒಡೆದು ಸಣ್ಣ ಹನಿಗಳಾಗಿ, ಮೂಳೆಯಿಂದ ಇಳಿದ ಜೆಲಟಿನ್ ಅದನ್ನು ನೀರಿನೊಂದಿಗೆ ಕಟ್ಟಿಹಾಕಿ, ಸಾರು ಹಾಲಿನಂತಾಗುತ್ತದೆ. ಆದದ್ದನ್ನು ಮರಳಿ ತಿಳಿ ಮಾಡಲು ಬರುವುದಿಲ್ಲ. ಹಂದಿ ಮೂಳೆಯ 'ತೊಂಕೊತ್ಸು' ಪಂಥದವರಿಗೆ ಬೇಕಾದದ್ದು ಇದೇ ಅಪಘಾತ. ದೊಡ್ಡ ಉರಿಯಲ್ಲಿ ಹನ್ನೆರಡು ಗಂಟೆ, ಕೆಲವರು ಅದಕ್ಕೂ ಹೆಚ್ಚು ಕುದಿಸುತ್ತಾರೆ. 1947ರಲ್ಲಿ ಕುರುಮೆ ಎಂಬ ಊರಿನಲ್ಲಿ ಅಂಗಡಿಯೊಂದರ ಒಲೆ ಮರೆತು ಸಾರು ಅತಿಯಾಗಿ ಕುದ್ದು ಬೆಳ್ಳಗಾಯಿತು, ರುಚಿ ನೋಡಿದರೆ ಚೆನ್ನಾಗಿತ್ತು, ಹಾಗೆ ಇದು ಶುರುವಾಯಿತು ಎಂಬ ಕಥೆ ಅಲ್ಲಿ ಪ್ರಚಲಿತ. ಮರೆವಿಗೆ ಇಷ್ಟು ಗೌರವ ಸಿಕ್ಕ ಅಡುಗೆ ಕಡಿಮೆ.

ಬಬಾದಲ್ಲಿ ಈ ಎರಡು ಪಂಥಗಳ ನಡುವೆ ಸಂಧಾನ ಮಾಡಿದವರೂ ಇದ್ದಾರೆ. 2002ರಲ್ಲಿ ತೆರೆದ ವತನಬೆ ಅಂಗಡಿಯದು ಹಂದಿ ಮೂಳೆಯ ಗಟ್ಟಿ ಸಾರಿಗೆ ಒಣಮೀನಿನ ಸಾರು ಬೆರೆಸಿದ ದಾರಿ. ಯಸುಬೆಯದು 'ತ್ಸುಕೆಮೆನ್': ತಣ್ಣೀರಿನಲ್ಲಿ ತೊಳೆದ ದಪ್ಪ ನೂಡಲ್ಸ್ ಒಂದು ತಟ್ಟೆಯಲ್ಲಿ, ಅದ್ದಿಕೊಳ್ಳುವ ಬಿಸಿ ಸಾರು ಇನ್ನೊಂದು ಬಟ್ಟಲಲ್ಲಿ. 220 ಗ್ರಾಂ ಆಗಲಿ, 330 ಆಗಲಿ, 440 ಆಗಲಿ, ಬೆಲೆ ಒಂದೇ ಎನ್ನುವುದು ಅದರ ಖ್ಯಾತಿ. ಒಂದೇ ಬೆಲೆ ಎಂದಾಕ್ಷಣ 440ರ ಕಡೆ ಕೈ ಹೋಗುವುದು ಮನುಷ್ಯ ಸಹಜ, ಆದರೆ ಅರ್ಧ ದಾರಿಯಲ್ಲಿ ಸಾರು ಆರಿ, ಎಳೆ ಮರಗಟ್ಟಿ, ಊಟ ಹಟಕ್ಕೆ ತಿರುಗುತ್ತದೆ. ಮೊದಲ ಸಲಕ್ಕೆ 220 ಸಾಕು. ತಿಂದಾದ ಮೇಲೆ ಉಳಿದ ಗಟ್ಟಿ ಸಾರಿಗೆ ತೆಳು ಸಾರು ಬೆರೆಸಿ ಕುಡಿಯುವ ಕ್ರಮವಿದೆ; 'ಸೂಪು ವರಿ' ಅಂದರೆ ಕೊಡುತ್ತಾರೆ. ಈ ತಿಂಡಿಯ ಹುಟ್ಟು ಕೂಡ ದೂರದ್ದಲ್ಲ. ಯಮಗಿಶಿ ಕಜುವೊ ಎಂಬವರು ಕೆಲಸಗಾರರ ಊಟವನ್ನು 1955ರಲ್ಲಿ ನಕನೊ ಅಂಗಡಿಯ ಮೆನುವಿಗೆ ಏರಿಸಿ, 1961ರಲ್ಲಿ ಬಬಾದಿಂದ ಎರಡೇ ನಿಲ್ದಾಣ ಆಚೆಯ ಇಕೆಬುಕುರೊದಲ್ಲಿ ತಮ್ಮದೇ ತೈಶೋಕೆನ್ ಅಂಗಡಿ ತೆರೆದರು.

ಇನ್ನು ಬಾಗಿಲಿಗೆ ಬರೋಣ. ಒಳಗೆ ಹೋಗುವ ಮೊದಲೇ ಅಂಗಡಿ ತನ್ನ ಬಗ್ಗೆ ಬಹಳಷ್ಟು ಹೇಳಿಬಿಡುತ್ತದೆ, ನೋಡುವ ಕಣ್ಣಿರಬೇಕು. ಬೆಳಗ್ಗೆ ಬಾಗಿಲ ಹೊರಗೆ ಚಪ್ಪಟೆ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿರುತ್ತವೆ. ನೂಡಲ್ಸ್ ತಯಾರಕರ ಪೆಟ್ಟಿಗೆಗಳವು, ಮೈಮೇಲೆ ಹೆಸರಿರುತ್ತದೆ. ಅಸಕುಸ ಕೈಕರೊ, ಮಿಕವಯ ಎಂಬ ಹೆಸರು ಕಂಡರೆ ಬಲ್ಲವರು ತಲೆಯಾಡಿಸುತ್ತಾರೆ. ಪೆಟ್ಟಿಗೆಯೇ ಇಲ್ಲದೆ ಗಾಜಿನ ಹಿಂದೆ ಹಿಟ್ಟು ನಾದುವ ಯಂತ್ರ, ಮೂಲೆಯಲ್ಲಿ ಮೈದಾ ಮೂಟೆ ಕಂಡರೆ ನೂಡಲ್ಸ್ ಅಲ್ಲೇ ಆಗುತ್ತದೆ ಎಂದರ್ಥ. ಆ ನೂಡಲ್ಸಿನ ಹಳದಿ ಬಣ್ಣ ನೋಡಿ ಮೊಟ್ಟೆ ಇರಬೇಕು ಅಂದುಕೊಳ್ಳುವವರು ಬಹಳ. ಸಾಮಾನ್ಯವಾಗಿ ಅದು ಮೊಟ್ಟೆಯಲ್ಲ, 'ಕಾನ್ಸುಯಿ' ಎಂಬ ಕ್ಷಾರ: ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್. ನಮ್ಮ ಹಪ್ಪಳದ ಹಿಟ್ಟಿಗೆ ಬೀಳುವ ಹಪ್ಪಳಖಾರ ಎಂಬ ಕ್ಷಾರದ ಜಾತಿಗೇ ಸೇರಿದ್ದು. ಅರಿಸಿನಕ್ಕೆ ಸುಣ್ಣ ತಾಗಿ ಕೆಂಪಾಗುವ ಹಾಗೆ, ಗೋಧಿಯೊಳಗಿನ ಬಣ್ಣ ಈ ಕ್ಷಾರ ತಾಗಿ ಹಳದಿಯಾಗುತ್ತದೆ. ಎಳೆಗೆ ಬಿಗುವು ಬರುವುದೂ ಇದರಿಂದಲೇ. ಕ್ಷಾರ ಹೆಚ್ಚಾದರೆ ಸಾಬೂನಿನ ವಾಸನೆ.

ಆಮೇಲೆ ಸಾಲು. ಸಾಲು ಉದ್ದವಿದ್ದರೆ ಅಂಗಡಿ ಒಳ್ಳೆಯದು ಎಂಬುದು ಅರ್ಧ ಸತ್ಯ. ಸಾಲಿನಲ್ಲಿ ಯಾರಿದ್ದಾರೆ ನೋಡಬೇಕು. ಒಬ್ಬೊಬ್ಬರೇ ಬಂದು, ಮಾತಿಲ್ಲದೆ, ಬಾಗಿಲ ಕಡೆಗೇ ಮುಖ ಮಾಡಿ ನಿಂತವರು ಹೆಚ್ಚಿದ್ದರೆ ನಿಲ್ಲಿ. ಗುಂಪುಗುಂಪಾಗಿ ನಿಂತು ನಕ್ಷೆ ತಿರುಗಿಸುತ್ತಿರುವವರ ಸಾಲಾದರೆ ಅದು ಇನ್ನೊಂದು ಸಾಲನ್ನು ನೋಡಿ ಹುಟ್ಟಿದ ಸಾಲು. ಲೆಕ್ಕ ಸುಲಭ: ಎಂಟು ಸ್ಟೂಲು, ಒಬ್ಬರಿಗೆ ಇಪ್ಪತ್ತು ನಿಮಿಷ, ಮುಂದೆ ಹದಿನಾರು ಜನವಿದ್ದರೆ ನಲವತ್ತು ನಿಮಿಷ. ಗೆಳೆಯರಿಗೆ ಜಾಗ ಹಿಡಿಯುವ ನಮ್ಮ ಬಸ್ ಸ್ಟ್ಯಾಂಡಿನ ಕರ್ಚೀಫ್ ವಿದ್ಯೆ ಇಲ್ಲಿ ನಡೆಯುವುದಿಲ್ಲ; ಎಲ್ಲರೂ ಬಂದ ಮೇಲೆ ಎಲ್ಲರೂ ಕೊನೆಯಲ್ಲಿ. ಹನ್ನೊಂದಕ್ಕೆ ತೆರೆಯುವ ಅಂಗಡಿಗೆ ಹತ್ತೂಮುಕ್ಕಾಲಿಗೆ, ಇಲ್ಲವೇ ಮಧ್ಯಾಹ್ನ ಎರಡರ ಮೇಲೆ ಹೋಗುವುದು ಜಾಣತನ. ಮೂರಕ್ಕೆ ಮುಚ್ಚಿ ಐದಕ್ಕೋ ಆರಕ್ಕೋ ಮತ್ತೆ ತೆರೆಯುವವರು ಬಹಳ. ಸಾರು ಮುಗಿದರೆ ಗಡಿಯಾರ ನೋಡದೆ ಬಾಗಿಲು ಹಾಕುತ್ತಾರೆ. ತಿಳಿಸಾರಿನ ಅಂಗಡಿಗೆ ಬೇಗ ಹೋಗಬೇಕು, ಒಣಮೀನಿನ ಪರಿಮಳ ಹೊತ್ತು ಏರಿದಂತೆ ಹಾರಿಹೋಗುತ್ತದೆ. ಗಟ್ಟಿ ಸಾರು ತಡವನ್ನು ಸಹಿಸುತ್ತದೆ. ದಿಢೀರ್ ರಜೆಯ ಸುದ್ದಿ ಅಂಗಡಿಯ ಎಕ್ಸ್ ಖಾತೆಯಲ್ಲಿ ಬೆಳಗ್ಗೆಯೇ ಬಂದಿರುತ್ತದೆ. ಹೊರಡುವ ಮೊದಲು ನೋಡದಿದ್ದರೆ ಬಾಗಿಲ ಮೇಲಿನ ಚೀಟಿ ಓದಬೇಕಾಗುತ್ತದೆ, ಅದೂ ಜಪಾನಿಯಲ್ಲಿ.

ಬಾಗಿಲ ಒಳಗೆ ಚೀಟಿ ಯಂತ್ರ. ನಾಲ್ಕು ಸಾಲು ಗುಂಡಿಗಳು, ಎಲ್ಲದರ ಮೇಲೂ ಇರುವೆ ಸಾಲಿನಂಥ ಅಕ್ಷರ, ಬೆನ್ನ ಹಿಂದೆ ಉಸಿರು ಬಿಗಿಹಿಡಿದ ಸಾಲು. ಭಯ ಬೇಡ. ಎಡಗಡೆಯ ಮೇಲಿನ ತುದಿಯ ಗುಂಡಿ ಒತ್ತಿ. ಆ ಅಂಗಡಿ ಯಾವುದರ ಮೇಲೆ ಮಾನ ಪಣವಿಟ್ಟಿದೆಯೋ ಅದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಎಲ್ಲ ಅಲಂಕಾರ ಹೇರಿದ 'ತೊಕುಸೆ' ಮೊದಲ ಸಲಕ್ಕೆ ಬೇಡ, ತಣ್ಣನೆಯ ಮಾಂಸದ ಹೋಳುಗಳು ಸಾರಿನ ಬಿಸಿಯನ್ನು ಇಳಿಸಿಬಿಡುತ್ತವೆ. ಹಳೆಯ ಯಂತ್ರಗಳು ಸಾವಿರ ಯೆನ್ನಿನ ನೋಟನ್ನಷ್ಟೇ ನುಂಗುತ್ತವೆ, ಹತ್ತು ಸಾವಿರದ ನೋಟು ಕಂಡರೆ ಉಗುಳುತ್ತವೆ. 2024ರ ಜುಲೈ 3ಕ್ಕೆ ಹೊಸ ನೋಟು ಬಂದಾಗ ಅದನ್ನೂ ಗುರುತಿಸದ ಯಂತ್ರಗಳು ಅಂಗಡಿಯವರ ಜೇಬಿಗೆ ಕತ್ತರಿಯಾದವು. ಇದೆಲ್ಲ ಬೆಲೆಗೆ ಸೇರಿತು. ಬಟ್ಟಲಿಗೆ ಸಾವಿರ ಯೆನ್ ದಾಟಿದರೆ ಜನ ಬರುವುದಿಲ್ಲ ಎಂಬ 'ಸಾವಿರದ ಗೋಡೆ' ಈಗ ಅಲ್ಲಲ್ಲಿ ಬಿರುಕು ಬಿಟ್ಟಿದೆ.

ವಿದ್ಯಾರ್ಥಿಗಳ ಕೇರಿಯಲ್ಲಿ 'ಜಿರೊ' ಇರದಿದ್ದೀತೆ? ಟೋಕಿಯೊದ ಮಿತಾ ಬಡಾವಣೆಯ ಮೂಲ ಅಂಗಡಿಯ ಶಾಖೆ ಬಬಾದಲ್ಲೂ ಇದೆ. ಇದು ರಾಮೆನ್ ಹೌದೋ ಅಲ್ಲವೋ ಎಂಬ ವಾದ ಮುಗಿದಿಲ್ಲ. ಹುರಿಹಗ್ಗದಂಥ ಎಳೆ, ಗುಡ್ಡದಂತೆ ಮೊಳಕೆಕಾಳು ಮತ್ತು ಎಲೆಕೋಸು, ಜಜ್ಜಿದ ಬೆಳ್ಳುಳ್ಳಿ. 'ಚಿಕ್ಕದು' ಅಂದರೂ ಸುಮಾರು 300 ಗ್ರಾಂ ನೂಡಲ್ಸ್. ಚೀಟಿ ಕೊಡುವಾಗಲೇ 'ಮೆನ್ ಸುಕುನಮೆ' ಅಂದರೆ ಕಡಿಮೆ ಹಾಕುತ್ತಾರೆ. ಬಟ್ಟಲು ಸಿದ್ಧವಾಗುವ ಹೊತ್ತಿಗೆ 'ನಿನ್ನಿಕು ಇರೆಮಸು ಕಾ?' ಎಂದು ಕೇಳುತ್ತಾರೆ. ಮಾತಿಗೆ ಅದು ಬೆಳ್ಳುಳ್ಳಿಯ ಪ್ರಶ್ನೆ, ಆದರೆ ತರಕಾರಿ, ಕೊಬ್ಬು, ಸೋಯಾ ಸಾಸಿನ ಉಪ್ಪುರಸ, ಯಾವುದು ಹೆಚ್ಚು ಬೇಕೋ ಎಲ್ಲವನ್ನೂ ಆಗಲೇ ಹೇಳಿಬಿಡಬೇಕು. ಐದಾರು ಬಟ್ಟಲು ಒಟ್ಟಿಗೆ ಬೇಯುವುದರಿಂದ ನಿಧಾನಕ್ಕೆ ತಿನ್ನುವವರು ಮುಂದಿನ ಪಂಕ್ತಿಯನ್ನು ತಡೆಯುತ್ತಾರೆ. ಮಠದ ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಹರಟಿದರೆ ಬೀಳುವಂಥದೇ ದೃಷ್ಟಿ ಬೀಳುತ್ತದೆ.

ತರಕಾರಿ ಅಂದಾಗ ನೆನಪಾಯಿತು. ಬಬಾದಿಂದ ತೋಜಾಯ್ ಮಾರ್ಗದ ಮೆಟ್ರೊ ಹತ್ತಿದರೆ ಅರ್ಧ ಗಂಟೆಯಲ್ಲಿ, ಬದಲಿಸದೆ, ಭಾರತೀಯರು ನೆಲೆಯೂರಿದ ನಿಶಿಕಸಾಯ್. ಅಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು: 'ಯಸಾಯ್ ರಾಮೆನ್' ಎಂದರೆ ತರಕಾರಿ ರಾಮೆನ್ ನಿಜ, ಆದರೆ ತರಕಾರಿ ಇರುವುದು ಮೇಲೆ, ಕೆಳಗಿನ ಸಾರು ಹಂದಿಯದೋ ಕೋಳಿಯದೋ ಆಗಿರುತ್ತದೆ. ಮಾಂಸ ಬೇಡ ಅಂದರೆ ಹೋಳು ತೆಗೆಯುತ್ತಾರೆ, ಸಾರು ಹಾಗೇ ಉಳಿಯುತ್ತದೆ. ಮೂಳೆಯಿಲ್ಲದ ತಿಳಿಸಾರಿನಲ್ಲೂ ಒಣಮೀನು ಇರುತ್ತದೆ. ಗುಲಾಬಿ ಸುರುಳಿಯ ಬಿಳಿ ಬಿಲ್ಲೆಯೂ ಮೀನೇ. ಸ್ಪಷ್ಟವಾಗಿ 'ವೀಗನ್' ಎಂದು ಬರೆದಿರುವಲ್ಲಿಗೇ ಹೋಗುವುದು ಕ್ಷೇಮ. ಇದೇ ಮಾರ್ಗದ ಒತೆಮಚಿಯಲ್ಲಿ ಇಳಿದು ನೆಲದಡಿಯಲ್ಲೇ ನಡೆದರೆ ಟೋಕಿಯೊ ನಿಲ್ದಾಣ; ಅದರ ಕೇಯೊ ಸ್ಟ್ರೀಟಿನಲ್ಲಿ ಟೀಸ್ ತಾನ್‌ತಾನ್ ಇದೆ, ಎಳ್ಳಿನ ಸಾರು, ಮೊಟ್ಟೆ ಹಾಲು ಕೂಡ ಇಲ್ಲ. ಅಂಗಡಿ ಜೆಆರ್ ಗೇಟಿನ ಒಳಗಿದೆ, ರೈಲು ಹತ್ತದವರು ಪ್ಲಾಟ್‌ಫಾರಂ ಟಿಕೆಟ್ ಕೊಳ್ಳಬೇಕು.

ಹೋಟೆಲುಗಳನ್ನು ಅಳೆಯುವ ಮಿಶೆಲಿನ್ ಕೈಪಿಡಿಯ ನಕ್ಷತ್ರದ ಆಸೆಯಿದ್ದವರಿಗೂ ಒಂದು ಕಾಲಕ್ಕೆ ದಾರಿ ದೂರವಿರಲಿಲ್ಲ. ಜಗತ್ತಿನಲ್ಲಿ ಮೊದಲು ಆ ನಕ್ಷತ್ರ ಪಡೆದ ರಾಮೆನ್ ಅಂಗಡಿ ತ್ಸುತಾ ಇದ್ದದ್ದು ಬಬಾದಿಂದ ನಾಲ್ಕೇ ನಿಲ್ದಾಣ ಆಚೆಯ ಸುಗಮೊದಲ್ಲಿ, 2015ರಲ್ಲಿ. ನಕ್ಷತ್ರ ಬಂದ ಮೇಲೆ ಬೆಳಗಿನ ಜಾವದಲ್ಲೇ ಸಾಲು, ಸಾವಿರ ಯೆನ್ ಮುಂಗಡ, ಮತ್ತೆ ಬರಲು ಹೊತ್ತು ಗೊತ್ತುಮಾಡಿದ ಚೀಟಿ. 2019ರಲ್ಲಿ ಅಂಗಡಿ ಊರಿನ ಇನ್ನೊಂದು ದಿಕ್ಕಿಗೆ ಹೋಯಿತು.

ಒಂದೇ ದಿನ ಮೂರು ಅಂಗಡಿ ಮುಗಿಸುವ ಶೂರರಿದ್ದಾರೆ. ಸಾರು ಪೂರ್ತಿ ಕುಡಿದರೆ ಒಂದು ಬಟ್ಟಲಿಗೇ 6 ಗ್ರಾಂ ಆಸುಪಾಸು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವುದು 5ಕ್ಕಿಂತ ಕಡಿಮೆ. ಎರಡನೆಯ ಅಂಗಡಿಯ ಹೊತ್ತಿಗೆ ನಾಲಿಗೆ ಮರಗಟ್ಟಿ, ಒಳ್ಳೆಯ ಶಿಯೊ ಕೂಡ ಸಪ್ಪೆ ಅನ್ನಿಸಿ, ಪಾಪ, ಅವರಿಗೆ ಒಂದು ನಕ್ಷತ್ರ ಕಡಿಮೆ ಬೀಳುತ್ತದೆ. ದಿನಕ್ಕೊಂದು ಸಾಕು, ಅದರಲ್ಲೂ ಸಾರು ಅರ್ಧ ಬಿಟ್ಟರೆ ಯಾರೂ ಬೈಯುವುದಿಲ್ಲ.

ಬಟ್ಟಲು ಬಂದಾಗ ಮೊದಲು ಸಾರು ಒಂದು ಚಮಚ, ಆಮೇಲೆ ಎಳೆ. ಸಪ್ಪೊರೊ ಶೈಲಿಯ ಮಿಸೊ ಆದರೆ ಎಚ್ಚರ, ಮೇಲೆ ಹಂದಿ ಕೊಬ್ಬಿನ ಪದರ ಮುಚ್ಚಳದಂತೆ ಕೂತು ಹಬೆಯನ್ನೇ ತೋರಿಸುವುದಿಲ್ಲ, ನಾಲಿಗೆ ಸುಟ್ಟ ಮೇಲೆ ಗೊತ್ತಾಗುತ್ತದೆ. ಫೋಟೊ ಒಂದು ಸಾಕು. ತೆಳು ಎಳೆ ಸಾರು ಕುಡಿದು ಉಬ್ಬಲು ಐದು ನಿಮಿಷ ಬೇಡ. ಸೊರ್ರೆಂದು ಎಳೆಯಲು ಸಂಕೋಚ ಯಾಕೆ? ಗಾಳಿಯ ಜೊತೆ ಹೋದರೇ ಎಳೆ ಆರುವುದು, ಪರಿಮಳ ಮೂಗಿಗೆ ಏರುವುದು. ಮುಗಿದ ಮೇಲೆ ಖಾಲಿ ಬಟ್ಟಲನ್ನು ಎದುರಿನ ಎತ್ತರದ ಕಟ್ಟೆಗೆ ಎತ್ತಿಟ್ಟು, ಅಲ್ಲೇ ಇರುವ ಬಟ್ಟೆಯಿಂದ ಮೇಜು ಒರೆಸಿ, 'ಗೊಚಿಸೋಸಮ' ಅನ್ನಬೇಕು. ಸ್ಟೂಲಿನಿಂದ ಏಳುವಷ್ಟರಲ್ಲಿ ಹಿಂದೆ ನಿಂತವರ ಚೀಟಿ ಆಗಲೇ ಕಟ್ಟೆ ಸೇರಿರುತ್ತದೆ, ಅವರ ನೂಡಲ್ಸ್ ಆಗಲೇ ನೀರಿಗೆ ಬಿದ್ದಿರುತ್ತದೆ.