ಗೊಣಗುವವರಿಗೆ ಜಾಗ ಇದೆಯಾ?

ಬೆಂಗಳೂರಿಗೆ ಕೆಲಸಕ್ಕೆ ಹೋದ ಅಣ್ಣನ ಮಗ ಮೊನ್ನೆ ಫೋನ್ ಮಾಡಿದ್ದ. "ಚಿಕ್ಕಪ್ಪ, ಇಲ್ಲಿ ಒಳ್ಳೆ ಚರ್ಚ್ ಯಾವುದು?" ಅವನೇ ಆಗಲೇ ಮೂರು ಕಡೆ ನೋಡಿ ಬಂದಿದ್ದ. ಒಂದರಲ್ಲಿ ಹಾಡು ಭರ್ಜರಿ, ಇನ್ನೊಂದರಲ್ಲಿ ಪಾದ್ರಿಯ ಪ್ರಸಂಗ ಇಪ್ಪತ್ತೇ ನಿಮಿಷ, ಮತ್ತೊಂದರಲ್ಲಿ ಪಾರ್ಕಿಂಗ್ ಇದೆ. (ಪಾರ್ಕಿಂಗ್ ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಬೆಂಗಳೂರನ್ನು ನಾನೂ ನೋಡಿದ್ದೇನೆ.)

ನಾನು ಕೇಳಿದ್ದು ಒಂದೇ. "ಅಲ್ಲಿ ವರ್ಷಕ್ಕೊಮ್ಮೆ ಮಹಾಸಭೆ ನಡೆಯುತ್ತದಾ? ಯಾರಾದರೂ ಎದ್ದು ನಿಂತು ಲೆಕ್ಕ ಕೇಳುತ್ತಾರಾ?" ಅವನಿಗೆ ನಗು ಬಂತು.

ಆರಂಭದ ಸಭೆಯವರು, ಅಂದರೆ ಮೊದಲ ಕ್ರೈಸ್ತರು, ಆಸ್ತಿ ಮಾರಿ ಹಂಚಿಕೊಂಡು ಒಂದೇ ಮನಸ್ಸಿನಿಂದ ಇದ್ದರು ಅಂತ ಸಂಡೆ ಸ್ಕೂಲಿನಲ್ಲಿ ಎಲ್ಲರೂ ಕಲಿತಿದ್ದೇವೆ. ಅದು ಬೈಬಲಿನ ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯ. 6ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಜಗಳ. ಜಗಳ ಸಿದ್ಧಾಂತದ್ದಲ್ಲ, ಊಟದ್ದು. ದಿನಾ ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ಸಭೆಯ ಮುಂದಾಳುಗಳಾಗಿದ್ದ ಅಪೊಸ್ತಲರು "ಸುಮ್ಮನಿರಿ, ಪ್ರಾರ್ಥನೆ ಮಾಡಿ" ಅನ್ನಲಿಲ್ಲ. ಎಲ್ಲರನ್ನೂ ಕರೆದು, ನೀವೇ ಏಳು ಮಂದಿಯನ್ನು ಆರಿಸಿ ಅಂದರು. ಸ್ತೆಫನ, ಫಿಲಿಪ್ಪ, ನಿಕನೋರ... ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ದೂರು ಹೇಳಿದವರ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ ನನಗೆ ಕಾಣುತ್ತದೆ. ಇವತ್ತು ಯಾವ ಕಮಿಟಿ ಹೀಗೆ ಮಾಡೀತು ಹೇಳಿ?

ನಾನು ಮಂಗಳೂರಿನ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನ್) ಪರಂಪರೆಯವನು. 1834ರಲ್ಲಿ ಅದರ ಪಾದ್ರಿಗಳು ಹೆಬಿಕ್, ಲೇಹ್ನರ್, ಗ್ರೈನರ್ ಇಲ್ಲಿಗೆ ಬಂದರು. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು, ಕೆಲಸವೂ ಹೋಯಿತು. ಹಾಗಾಗಿ ಸಭೆ ಅಂದರೆ ಹೊಟ್ಟೆಪಾಡೂ ಆಯಿತು. 1841ರಲ್ಲಿ ಛಾಪಖಾನೆ, ಆಮೇಲೆ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ. ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಸಂಬಳ ಕೊಡುವವರೂ ಮಿಷನ್‌ನವರೇ, ಸಭೆಯಲ್ಲಿ ಶಿಸ್ತು ನೋಡುವವರೂ ಅವರೇ. ಹಂಚಿನ ಕೆಲಸದವನಿಗೆ ಗೊಣಗಬೇಕು ಅನ್ನಿಸಿದರೆ ಯಾರ ಹತ್ತಿರ ಗೊಣಗಬೇಕಿತ್ತು? 1914ರ ಯುದ್ಧ ಬಂತು, ಬ್ರಿಟಿಷರು ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬಂಧಿಸಿದರು. ಭಾನುವಾರದ ಆರಾಧನೆ ಮಾತ್ರ ನಿಲ್ಲಲಿಲ್ಲ, ಊರಿನ ಅಯ್ಯನವರೇ (ಇಲ್ಲಿನ ಪಾದ್ರಿಗಳೇ) ನಡೆಸಿಕೊಂಡು ಹೋದರು. ಹಳೆಯ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಚರ್ಚಿಗೆ ಕಾಣುವ ಮಾತು 'ಸಭೆ'. ನಮ್ಮ ಅಜ್ಜಂದಿರೂ "ನೀವು ಯಾವ ಸಭೆಯವರು?" ಅಂತಲೇ ಕೇಳುತ್ತಿದ್ದರು. ಕಟ್ಟಡ ಆ ಪ್ರಶ್ನೆಯೊಳಗೆ ಬರುವುದೇ ಇಲ್ಲ.

ಹೆಸರು ಬೇಡ, ನಾನು ಕೆಲವು ವರ್ಷ ಹೋಗುತ್ತಿದ್ದ ಒಂದು ಸಭೆ. ಆ ವರ್ಷ ದೊಡ್ಡ ಪರದೆ, ಹೊಸ ಸ್ಪೀಕರ್ ಬಂದಿದ್ದವು. ಬೆಳೆ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಗೆ ಬಿಡ್ ಏರಿದ್ದೇ ಏರಿದ್ದು, ನಾವೆಲ್ಲ ಚಪ್ಪಾಳೆ. ಮಹಾಸಭೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬರು ವಯಸ್ಸಾದ ಹೆಂಗಸು ಎದ್ದು, "ಬಡವರ ನಿಧಿಯಿಂದ ಈ ವರ್ಷ ಯಾರಿಗೆ ಎಷ್ಟು ಕೊಟ್ಟಿರಿ?" ಅಂದರು. ವೇದಿಕೆಯಿಂದ "ಅಮ್ಮಾ, ಕೂತ್ಕೊಳ್ಳಿ, ಆಮೇಲೆ ಮಾತಾಡುವ" ಅಂದರು. ಆ 'ಆಮೇಲೆ' ಬರಲೇ ಇಲ್ಲ. ಅವರೂ ಬರುವುದು ನಿಲ್ಲಿಸಿದರು. ಎರಡು ತಿಂಗಳು ಅವರ ಮನೆಗೆ ಒಬ್ಬರೂ ಹೋಗಲಿಲ್ಲ. ನಾನೂ ಹೋಗಲಿಲ್ಲ, ಅದನ್ನೂ ಬರೆಯಬೇಕು.

ಬೈಬಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಕೊಳಕು ಬಟ್ಟೆಯವನಿಗೆ "ನೀನು ಅಲ್ಲಿ ನಿಂತುಕೋ" ಅನ್ನುವ ಮಾತು ಬರುತ್ತದೆ. ಅದನ್ನು ಓದಿ ತಲೆದೂಗುವವರು ನಾವೇ. ಈಗ ಬಟ್ಟೆ ಎಲ್ಲರದ್ದೂ ಚೆನ್ನಾಗಿಯೇ ಇದೆ, ಬೆಂಚು ಯಾರಿಗೂ ತಪ್ಪುವುದಿಲ್ಲ. ಮೈಕ್ ಯಾರ ಕೈಗೆ ಸಿಗುತ್ತದೆ ಅಂತ ನೋಡಬೇಕು.

ಇಷ್ಟನ್ನೂ ಫೋನಿನಲ್ಲಿ ಕೊರೆದ ಮೇಲೆ ಹುಡುಗ ಹೂಂ ಅಂದ. ಮುಂದಿನ ಭಾನುವಾರ ಮಹಾಸಭೆ ಯಾವಾಗ ಅಂತ ವಿಚಾರಿಸುತ್ತೇನೆ ಅಂದ. ನಿನ್ನೆ ಮೆಸೇಜ್ ಬಂತು: "ಕೇಳಿದೆ ಚಿಕ್ಕಪ್ಪ. ಮಹಾಸಭೆ ಎಲ್ಲ ಇಲ್ಲವಂತೆ. ಕಾಣಿಕೆಗೆ ಮಾತ್ರ ಆ್ಯಪ್ ಇದೆ."