ಸತ್ತ ಗೆಳೆಯನ ವಾಚು

ನನ್ನ ಭಾಮೈದ ಬ್ಯಾಂಕಾಕಿಗೆ ಹೋಗಿ ಬಂದ. ವೀಸಾ ಬೇಡ, ಬೆಂಗಳೂರಿನಿಂದ ನಾಲ್ಕು ಗಂಟೆ, ಗೋವಾಕ್ಕಿಂತ ಅಗ್ಗ ಭಾವ ಅಂತ ಹೇಳಿ ಹೋದವನು ಬರುವಾಗ ನನಗೊಂದು ವಾಚು ತಂದ. ಯಾವುದೋ ರಾತ್ರಿ ಸಂತೆಯಲ್ಲಿ ಕೊಂಡದ್ದು. ಮೇಲೆ ಸ್ವಿಟ್ಜರ್ಲೆಂಡಿನ ದೊಡ್ಡ ಕಂಪನಿಯ ಹೆಸರು. ಒಂದು ಅಕ್ಷರ ಮಾತ್ರ ಜಾಸ್ತಿ ಇತ್ತು. ಮೂರು ತಿಂಗಳಿಗೆ ನಿಂತೇ ಹೋಯಿತು. ರಿಪೇರಿಗೆ ಒಯ್ದರೆ ಅಂಗಡಿಯವನು ಹಿಂದಿನ ಮುಚ್ಚಳ ತೆಗೆದು ನೋಡಿ, "ಸಾರ್, ಇದನ್ನ ರಿಪೇರಿ ಮಾಡಿಸೋದಕ್ಕಿಂತ ಇನ್ನೊಂದ್ಸಲ ಬ್ಯಾಂಕಾಕಿಗೆ ಹೋಗಿ ಬನ್ನಿ" ಎಂದ.

ನಕಲಿ ವಾಚು ಮಾರುವುದು ಅಲ್ಲಿ ಅಪರಾಧ. ಕಾನೂನು ಇದೆ, ದಂಡ ಇದೆ, ಜೈಲೂ ಇದೆ. ಅದರ ಜೊತೆಗೆ ವಾಚೂ ಇದೆ. ಒಂದರಿಂದ ಇನ್ನೊಂದಕ್ಕೆ ಏನೂ ತೊಂದರೆ ಇಲ್ಲ.

ಆದರೆ ಥಾಯ್ಲೆಂಡ್, ವಾಚು ಎರಡೂ ಒಟ್ಟಿಗೆ ಬಂದರೆ ನನಗೆ ನೆನಪಾಗುವುದು ಈ ಪಾಪದ ವಾಚಲ್ಲ, ಅಲ್ಲಿ ಉಪಪ್ರಧಾನಿಯಾಗಿದ್ದ ಜನರಲ್ ಪ್ರವಿತ್ ವೊಂಗ್‌ಸುವಾನ್ ಅವರ ವಾಚು. ನಿಮಗೂ ನೆನಪಿರಬೇಕು. 2017ರ ಡಿಸೆಂಬರ್ 4, ಹೊಸ ಮಂತ್ರಿಮಂಡಲದ ಗ್ರೂಪ್ ಫೋಟೋ. ಬಿಸಿಲು ಕಣ್ಣಿಗೆ ಹೊಡೆಯಿತು. ಉಪಪ್ರಧಾನಿ ಸಾಹೇಬರು ಕೈ ಎತ್ತಿ ಹಣೆಗೆ ಅಡ್ಡ ಹಿಡಿದರು. ಕೋಟಿನ ತೋಳು ಕೆಳಗೆ ಜಾರಿತು. ಒಳಗಿಂದ ಬಲು ದುಬಾರಿಯ ರಿಷರ್ ಮಿಲ್ ವಾಚು ಇಣುಕಿತು, ಜೊತೆಗೊಂದು ವಜ್ರದ ಉಂಗುರ. ಆಸ್ತಿ ವಿವರದಲ್ಲಿ ಎರಡೂ ಇರಲಿಲ್ಲ. 2014ರಲ್ಲಿ ದಂಗೆ ಎದ್ದು ಕುರ್ಚಿ ಹಿಡಿದಾಗ ಸೈನ್ಯ ಹೇಳಿದ ಕಾರಣಗಳಲ್ಲಿ ಭ್ರಷ್ಟಾಚಾರ ತೊಲಗಿಸುವುದೂ ಒಂದಾಗಿತ್ತು. ಫೇಸ್‌ಬುಕ್ಕಿನ ಪತ್ತೇದಾರರು ಹಳೇ ಫೋಟೋಗಳನ್ನೆಲ್ಲ ಕೆದಕಿದರು. ಸಾಹೇಬರ ಕೈಯಲ್ಲಿ ಒಂದೊಂದು ಸಭೆಗೆ ಒಂದೊಂದು ವಾಚು. ಲೆಕ್ಕ ಇಪ್ಪತ್ತು ದಾಟಿತು.

ಸಾಹೇಬರ ಉತ್ತರ ಚಿಕ್ಕದು. ಉಂಗುರ ಅಮ್ಮನದು. ವಾಚು ಗೆಳೆಯನದು, ಎರವಲು ತಂದದ್ದು. ಗೆಳೆಯ ತೀರಿಕೊಂಡಿದ್ದಾನೆ. ವಾಚೆಲ್ಲ ವಾಪಸ್ ಕೊಟ್ಟಾಗಿದೆ.

ನನಗೆ ಈ ಉತ್ತರದ ಮೇಲೆ ಗೌರವ ಇದೆ. ಎರವಲು ಅಂದರೆ ನಮಗೆ ಗೊತ್ತಿಲ್ಲದ್ದೇನಲ್ಲ. ಮದುವೆಗೆ ಪಕ್ಕದ ಮನೆಯ ಅವಲಕ್ಕಿ ಸರ ಎರವಲು ತಂದು ಹಾಕಿಕೊಂಡು, ಊಟಕ್ಕೆ ಕೂತಾಗ ಸರದ ಒಡತಿ ಎದುರು ಸಾಲಿನಲ್ಲೇ ಕೂತು ಗಂಟೆಗಟ್ಟಲೆ ಅದನ್ನೇ ನೋಡಿದ್ದು ನಮ್ಮ ಅತ್ತೆಗೆ ಇವತ್ತಿಗೂ ಮರೆತಿಲ್ಲ. ನನ್ನದೇ ಏಣಿ ಒಂದು ದೀಪಾವಳಿಗೆ ಹೋದದ್ದು ಮುಂದಿನ ದೀಪಾವಳಿಗೂ ಬಂದಿಲ್ಲ. ಕೇಳಿದರೆ, "ಅಯ್ಯೋ, ನಿಮ್ಮದಾ ಅದು?" ಎನ್ನುತ್ತಾರೆ. ಅಂಥದ್ದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ವಾಚು ಎರವಲು ತಂದು, ಎಲ್ಲವನ್ನೂ ಲೆಕ್ಕ ಇಟ್ಟು ವಾಪಸ್ ಕೊಡುವುದು ಎಂದರೆ ಸಾಮಾನ್ಯ ಶಿಸ್ತಲ್ಲ. ಸುಮ್ನೆ ಜನರಲ್ ಆಗ್ತಾರಾ?

ಭ್ರಷ್ಟಾಚಾರ ತಡೆ ಆಯೋಗ ಒಂದು ವರ್ಷ ಯೋಚನೆ ಮಾಡಿತು. 2018ರ ಡಿಸೆಂಬರಿನಲ್ಲಿ ಬೇಕೆಂದೇ ಸುಳ್ಳು ವಿವರ ಕೊಟ್ಟರು ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದು ಫೈಲು ಮುಚ್ಚಿತು. ಸತ್ತವನನ್ನು ಸಾಕ್ಷಿಗೆ ಕರೆಸುವ ಹಾಗಿಲ್ಲವಲ್ಲ.

ಈ ಹಳೇ ಕಥೆ ಈಗ ಯಾಕೆ ಅಂದರೆ, ಅಲ್ಲಿ ಇನ್ನೊಂದು ಗಡಿಯಾರ ಓಡುತ್ತಿದೆ. ಕೋರ್ಟಿನ ಗಡಿಯಾರ. 2027ರ ಸೆಪ್ಟೆಂಬರ್ 3ಕ್ಕೆ ಒಂದು ಕೇಸಿನ ವಾಯಿದೆ ಮುಗಿಯುತ್ತದೆ. ಅಷ್ಟರೊಳಗೆ ಆರೋಪಿಯನ್ನು ಕೋರ್ಟಿಗೆ ತರದಿದ್ದರೆ ಕೇಸೇ ಸತ್ತಂತೆ. ರೆಡ್ ಬುಲ್ ಪಾನೀಯದ ಮನೆತನದ ಮೊಮ್ಮಗ ವೊರಾಯುತ್ ಯೂವಿದ್ಯಾ ಮೇಲಿನ ಕೇಸು. ಅಡ್ಡಹೆಸರು 'ಬಾಸ್'. ಆ ಹೆಸರು ನಾನಿಟ್ಟದ್ದಲ್ಲ.

2012ರ ಸೆಪ್ಟೆಂಬರ್ 3, ಬೆಳಗಿನ ಜಾವ, ಬ್ಯಾಂಕಾಕಿನ ಸುಖುಮ್ವಿತ್ ರಸ್ತೆ. ಡ್ಯೂಟಿ ಮೇಲಿದ್ದ ಪೊಲೀಸ್ ವಿಚಿಯನ್ ಕ್ಲಾನ್‌ಪ್ರಸರ್ಟ್ ಅವರ ಬೈಕಿಗೆ ಬಾಸ್‌ನ ಫೆರಾರಿ ಗುದ್ದಿತು. ಕಾರು ಅವರನ್ನು ನೂರು ಮೀಟರಿಗೂ ಹೆಚ್ಚು ದೂರ ಎಳೆದುಕೊಂಡು ಹೋಯಿತು. ಪೊಲೀಸರು ರಸ್ತೆ ಮೇಲೆ ಸೋರಿದ ಎಣ್ಣೆಯ ಜಾಡು ಹಿಡಿದು ನಡೆದರು. ಜಾಡು ಯೂವಿದ್ಯಾ ಬಂಗಲೆಯ ಗೇಟಿಗೆ ಹೋಗಿ ನಿಂತಿತು. ಕಾರು ಓಡಿಸಿದ್ದು ನಾನು ಎಂದು ಮೊದಲು ಮುಂದೆ ಬಂದದ್ದು ಮನೆಯ ಕೆಲಸದವರೊಬ್ಬರು. ಶ್ರೀಮಂತರ ಮನೆಯಲ್ಲಿ ಕೆಲಸದವರು ಎಂಥ ಕೆಲಸಕ್ಕೂ ಸೈ.

ಇಷ್ಟು ಸುಲಭದ ಕೇಸು ಪೊಲೀಸರಿಗೆ ಜನ್ಮದಲ್ಲೊಮ್ಮೆ ಸಿಗುತ್ತದೆ. ಸತ್ತವರು ಅವರದೇ ಮನುಷ್ಯ, ಗುದ್ದಿದ ಕಾರು ಗ್ಯಾರೇಜಿನಲ್ಲಿದೆ, ಮಾಲೀಕ ಮನೆಯಲ್ಲಿದ್ದಾನೆ. ಆದರೆ ಗಡಿಯಾರ ಶುರುವಾಯಿತು ನೋಡಿ. ಸಮನ್ಸ್ ಕಳಿಸಿದರೆ ಹುಷಾರಿಲ್ಲ. ಮತ್ತೆ ಕಳಿಸಿದರೆ ವಿದೇಶದಲ್ಲಿ ಕೆಲಸ. ಒಂದಲ್ಲ ಎರಡಲ್ಲ, ಹೀಗೇ ಹಲವು ಸಲ ಬರಲಿಲ್ಲ. ಅಷ್ಟರಲ್ಲಿ ಹುಷಾರಿಲ್ಲದ ಹುಡುಗ ಲೋಕದ ಕಾರ್ ರೇಸುಗಳಲ್ಲಿ, ಬೀಚುಗಳಲ್ಲಿ ಫೋಟೋಗೆ ಸಿಗುತ್ತಿದ್ದ. ಅತಿವೇಗದ ಆರೋಪದ ವಾಯಿದೆ 2013ಕ್ಕೆ ಮುಗಿಯಿತು. 2017ರ ಏಪ್ರಿಲಿನಲ್ಲಿ ಕೊನೆಗೂ ಬಂಧನದ ವಾರಂಟ್ ಹೊರಬಿತ್ತು. ಅದಕ್ಕೆ ಸ್ವಲ್ಪ ದಿನ ಮೊದಲು ಅವನು ಖಾಸಗಿ ವಿಮಾನದಲ್ಲಿ ಸಿಂಗಪುರಕ್ಕೆ ಹಾರಿದ್ದ. ಅದೇ ಸೆಪ್ಟೆಂಬರಿನಲ್ಲಿ, ಗುದ್ದಿದ ಮೇಲೆ ನಿಲ್ಲದೆ ಹೋದ ಆರೋಪವೂ ಅವಧಿ ಮುಗಿದು ಬಿದ್ದುಹೋಯಿತು. ಉಳಿದದ್ದು ಒಂದೇ, ಬೇಜವಾಬ್ದಾರಿಯಿಂದ ಓಡಿಸಿ ಸಾವಿಗೆ ಕಾರಣವಾದದ್ದು. ಅದರ ಎಕ್ಸ್‌ಪೈರಿ ಡೇಟು 2027. ಔಷಧಿ ಅಂಗಡಿಯಲ್ಲಿ ಮಾತ್ರೆಯ ಪಟ್ಟಿ ತಿರುಗಿಸಿ ನೋಡುವ ಹಾಗೆ ಅಲ್ಲಿ ಶ್ರೀಮಂತರು ಕಾನೂನನ್ನು ತಿರುಗಿಸಿ ನೋಡುತ್ತಾರೆ.

ವೇಗದ ವಿಷಯ ಇನ್ನೂ ಸೊಗಸು. ಮೊದಲ ಲೆಕ್ಕದಲ್ಲಿ ಫೆರಾರಿ ಗಂಟೆಗೆ 177 ಕಿಲೋಮೀಟರ್ ಓಡುತ್ತಿತ್ತು. ವರ್ಷಗಳು ಕಳೆದ ಹಾಗೆ ಕಾರು ನಿಧಾನ ಆಯಿತು. 79ಕ್ಕೆ ಇಳಿಯಿತು. ಅಲ್ಲಿನ ಮಿತಿ 80. ನಿಂತ ಕಾರಿನ ವೇಗ ಕಡಿಮೆ ಮಾಡುವ ಬ್ರೇಕನ್ನು ಪ್ರಪಂಚದಲ್ಲಿ ಮೊದಲು ಕಂಡುಹಿಡಿದವರು ಅವರೇ ಇರಬೇಕು. ರಕ್ತದಲ್ಲಿ ಕೊಕೇನಿನ ಗುರುತು ಸಿಕ್ಕಿತ್ತು, ಅದು ಹಲ್ಲಿನ ಡಾಕ್ಟರು ಕೊಟ್ಟ ಔಷಧಿಯಿಂದ ಬಂತು ಅಂತಾಯಿತು. 2020ರಲ್ಲಿ ಕೇಸನ್ನೇ ಕೈಬಿಟ್ಟರು. ಜನ ರೊಚ್ಚಿಗೆದ್ದರು. ಸಮಿತಿ ಕೂತಿತು, ಒಳಸಂಚು ನಡೆದಿದೆ ಎಂದಿತು, ಕೇಸಿಗೆ ಮತ್ತೆ ಜೀವ ಬಂತು. 2025ರಲ್ಲಿ ಇಬ್ಬರು ಪ್ರಾಸಿಕ್ಯೂಟರುಗಳಿಗೆ ಶಿಕ್ಷೆಯೂ ಆಯಿತು. ಕಾರು ಓಡಿಸಿದವನು ಮಾತ್ರ ಸಿಕ್ಕಿಲ್ಲ.

ಇರಲಿ. ಸ್ವಲ್ಪ ತಿನ್ನುವ ವಿಷಯ ಮಾತಾಡೋಣ.

ಲಂಚಕ್ಕೆ ನಮ್ಮಲ್ಲಿ 'ತಿನ್ನು' ಎನ್ನುತ್ತೇವೆ. ದುಡ್ಡು ತಿಂದ, ಲಂಚ ತಿಂದ. ಥಾಯ್ ಭಾಷೆಯಲ್ಲೂ ಹಾಗೇ. 'ಕಿನ್' ಅಂದರೆ ತಿನ್ನು. ಲಂಚವನ್ನೂ ಅವರು ಕಿನ್ನುತ್ತಾರೆ. ಹಿಂದೆ ರಾಜರ ಕಾಲದಲ್ಲಿ ಊರಿನ ಅಧಿಕಾರಿಗೆ ಸಂಬಳ ಕೊಡುವ ಬದಲು 'ಊರನ್ನೇ ತಿಂದುಕೋ' ಎಂದು ಕಳಿಸುತ್ತಿದ್ದರು. 'ಕಿನ್ ಮುವಾಂಗ್' ಎಂದು ಆ ಪದ್ಧತಿಗೆ ಹೆಸರೇ ಇತ್ತು. ಇನ್ನು ಅಲ್ಲಿನ ದುಡ್ಡಿನ ಹೆಸರು ಬಾತ್. ವಾಂಗಿಬಾತ್, ಬಿಸಿಬೇಳೆಬಾತ್ ತಿನ್ನುವ ನಾವು ಅವರನ್ನು ಬೈಯುವುದು ಹೇಗೆ ಹೇಳಿ. ಕಚೇರಿಯಲ್ಲಿ ಕೆಲಸ ಬೇಗ ಆಗಬೇಕಾದರೆ 'ಟೀ ನೀರಿನ ದುಡ್ಡು' ಕೊಡಬೇಕು, ಅದೂ ಅವರದೇ ಮಾತು. ಪ್ರತಿ ತಿಂಗಳು ತಪ್ಪದೆ ಕೊಡುವುದಕ್ಕೆ 'ಸುವೈ'. ಅಂದರೆ ಹಿಂದೆ ರಾಜನಿಗೆ ಒಪ್ಪಿಸುತ್ತಿದ್ದ ಕಪ್ಪ. ನಮ್ಮಲ್ಲಿ ಇದಕ್ಕೆ ಮಾಮೂಲು ಎನ್ನುತ್ತಾರೆ. ಅವರ ಪದದಲ್ಲಿ ರಾಜಮರ್ಯಾದೆ ಇದೆ, ನಮ್ಮ ಪದದಲ್ಲಿ ಬೇಜಾರು ಇದೆ.

ಈ ಸುವೈಯಲ್ಲೂ ಅವರದು ಎಂಥ ನಾಜೂಕು ನೋಡಿ. 2023ರಲ್ಲಿ ಅಲ್ಲಿನ ಎಂಪಿಯೊಬ್ಬರು ಬಯಲಿಗೆ ತಂದರು. ಲಾರಿಯ ಗಾಜಿನ ಮೇಲೆ ಮುದ್ದಾದ ಸ್ಟಿಕರು. ಮೊಲದ ಚಿತ್ರ ಅಂಥದ್ದು. ಅಂಗನವಾಡಿ ಗೋಡೆಗೆ ಅಂಟಿಸುವಂಥ ಮೊಲ. ಅದು ಇದ್ದರೆ ಈ ತಿಂಗಳ ಕಪ್ಪ ಸಂದಿದೆ ಎಂದರ್ಥ. ಲಾರಿ ಎಷ್ಟು ಟನ್ ಬೇಕಾದರೂ ಹೊತ್ತುಕೊಂಡು ಹೋಗಬಹುದು. ತಡೆಯುವುದು, ಚೌಕಾಸಿ ಮಾಡುವುದು, ನೋಟು ಮಡಚಿ ಕೈಗೆ ತುರುಕುವುದು, ಈ ಅನಾಗರಿಕತೆ ಒಂದೂ ಇಲ್ಲ. ಗದ್ದಲ ಆದ ಮೇಲೆ ಹೆದ್ದಾರಿ ಪೊಲೀಸ್ ಮುಖ್ಯಸ್ಥರನ್ನು ಎತ್ತಂಗಡಿ ಮಾಡಿದರು. ಇನ್ನು ಎಲ್ಲ ಸರಿಹೋಯಿತು ಅಂದುಕೊಂಡರೆ, ಅದೇ ನವೆಂಬರಿನಲ್ಲಿ ಮಣ್ಣು ತುಂಬಿದ ಲಾರಿಯೊಂದರ ಭಾರಕ್ಕೆ ಸುಖುಮ್ವಿತ್ ಕಡೆಯ ರಸ್ತೆಯೇ ಬಾಯಿ ತೆರೆಯಿತು. ಲಾರಿ ಒಳಗೆ ಕುಸಿಯಿತು. ಅದರ ಗಾಜಿನ ಮೇಲೂ ಒಂದು ಸ್ಟಿಕರು ಇತ್ತು. ಪೊಲೀಸರಿಗೆ ಕೊಟ್ಟ ಹಾಗೆ ರಸ್ತೆಗೂ ಸ್ವಲ್ಪ ಕೊಟ್ಟಿದ್ದರೆ ಅದೂ ಸುಮ್ಮನಿರುತ್ತಿತ್ತೇನೋ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ ನಮ್ಮಲ್ಲಿ. ಅಲ್ಲಿ ಆ ನೀರನ್ನು ಗ್ಲೂಕೋಸ್ ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ. ಮಾಜಿ ಪ್ರಧಾನಿ ಥಾಕ್ಸಿನ್ ಹದಿನೈದು ವರ್ಷ ಹೊರಗಿದ್ದು 2023ರ ಆಗಸ್ಟ್ 22ರಂದು ವಾಪಸ್ ಬಂದರು. ಎಂಟು ವರ್ಷ ಜೈಲು ಕಾದಿತ್ತು. ಅವತ್ತೇ ರಾತ್ರಿ ಆರೋಗ್ಯ ಕೆಟ್ಟಿತು. ಪೊಲೀಸ್ ಆಸ್ಪತ್ರೆಯ 14ನೇ ಮಹಡಿಗೆ ಸೇರಿಸಿದರು. ಹತ್ತು ದಿನದೊಳಗೆ ರಾಜನ ಕ್ಷಮೆಯಿಂದ ಎಂಟು ವರ್ಷ ಒಂದು ವರ್ಷ ಆಯಿತು. ಆರು ತಿಂಗಳಿಗೆ ಪೆರೋಲ್. ಜೈಲಿನಲ್ಲಿ ಒಂದು ರಾತ್ರಿಯೂ ಕಳೆಯದೆ ಮನೆಗೆ ಹೋದರು. 14ನೇ ಮಹಡಿಯ ವಾಸ ಲೆಕ್ಕಕ್ಕಿಲ್ಲ, ಜೈಲಿಗೆ ನಡೆಯಿರಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2025ರ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಅವರ ಮಗಳು ಪ್ರಧಾನಿಯಾಗಿ, ಆ ಕುರ್ಚಿ ಕಳೆದುಕೊಂಡೂ ಆಗಿತ್ತು.

ಹಾಗಂತ ಅಲ್ಲಿ ನ್ಯಾಯವೇ ಇಲ್ಲ ಎನ್ನಬೇಡಿ. ಕರಿಚಿರತೆಗೆ ಸಿಕ್ಕಿದೆ. 2018ರ ಫೆಬ್ರವರಿಯಲ್ಲಿ ಇಟಾಲಿಯನ್-ಥಾಯ್ ಎಂಬ ದೊಡ್ಡ ಕಟ್ಟಡ ಕಂಪನಿಯ ಮುಖ್ಯಸ್ಥರನ್ನು ತುಂಗ್‌ಯಾಯ್ ಕಾಡಿನಲ್ಲಿ ಹಿಡಿದರು. ಅಲ್ಲೇ ಚರ್ಮ ಸುಲಿದ ಕರಿಚಿರತೆ ಸಿಕ್ಕಿತು. ನಾಲ್ಕು ವರ್ಷದೊಳಗೆ ಸುಪ್ರೀಂ ಕೋರ್ಟು ಶಿಕ್ಷೆ ಎತ್ತಿಹಿಡಿದು ಜೈಲಿಗೆ ಕಳಿಸಿತು. ಅರಣ್ಯದವರು ಜಗ್ಗಲಿಲ್ಲ. ಆ ಒಂದು ಕಡೆ ನಾನು ಟೋಪಿ ತೆಗೆದು ಕೈಮುಗಿಯುತ್ತೇನೆ, ತಮಾಷೆಗಲ್ಲ.

ಅದೇ ಕಂಪನಿ ಚೀನಾದ ಕಂಪನಿಯ ಜೊತೆ ಸೇರಿ ಬ್ಯಾಂಕಾಕಿನಲ್ಲಿ ಒಂದು ಎತ್ತರದ ಕಟ್ಟಡ ಕಟ್ಟುತ್ತಿತ್ತು. 2025ರ ಮಾರ್ಚ್ 28ರಂದು ಮ್ಯಾನ್ಮಾರಿನಲ್ಲಿ ಭೂಮಿ ನಡುಗಿತು. ಸಾವಿರ ಕಿಲೋಮೀಟರ್ ದೂರ. ಬ್ಯಾಂಕಾಕಿನ ಗಗನಚುಂಬಿಗಳೆಲ್ಲ ತೂಗಾಡಿ ನಿಂತವು. ಇದೊಂದು ಮಾತ್ರ ಕೆಲವೇ ಕ್ಷಣದಲ್ಲಿ ಪುಡಿಯಾಯಿತು. ಅದು ಯಾರ ಕಟ್ಟಡ ಗೊತ್ತಲ್ಲ? ಸರ್ಕಾರದ ದುಡ್ಡು ಸರಿಯಾಗಿ ಖರ್ಚಾಗಿದೆಯೇ ಎಂದು ನೋಡುವ ಲೆಕ್ಕಪರಿಶೋಧನಾ ಕಚೇರಿಯದು. ಇನ್ನೂರು ಕೋಟಿ ಬಾತ್‌ಗೂ ಹೆಚ್ಚಿನ ಕಟ್ಟಡ.

ಇಲ್ಲಿ ಒಂದು ಜೋಕು ಬರೆದಿದ್ದೆ. ಅಳಿಸಿದೆ. ಅದರ ಕೆಳಗೆ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಕೂಲಿಯವರು. ಮನೆಯವರು ಕಲ್ಲುಮಣ್ಣಿನ ರಾಶಿಯ ಹತ್ತಿರ ದಿನಗಟ್ಟಲೆ ಕಾದು ಕೂತರು. ಕಂಪನಿಯವರ ಮೇಲೆ ಕೇಸು ಆಗಿದೆ. ಆ ಕೇಸಿಗೂ ಒಂದು ಗಡಿಯಾರ ಇದೆ. ಅದು ಯಾರ ಕಡೆ ಓಡುತ್ತದೆ ಎಂದು ನನ್ನನ್ನು ಕೇಳಬೇಡಿ, ಸಾಕಾಗಿದೆ.

ವಿಚಿಯನ್ ಬಗ್ಗೆ ಒಂದು ಹೇಳುವುದು ಬಿಟ್ಟಿದ್ದೆ. ಆ ಕೇಸಿನ ಕಾಗದಗಳಲ್ಲಿ ಅವರ ಹೆಸರು ಇನ್ನೊಂದು ಕಡೆಯೂ ಇತ್ತು. ಅಜಾಗರೂಕವಾಗಿ ಬೈಕು ಓಡಿಸಿದ್ದಕ್ಕೆ ಸತ್ತವರನ್ನೇ ಎರಡನೇ ಆರೋಪಿ ಮಾಡಿದ್ದರು. ಅವರದೇ ಇಲಾಖೆಯವರು.

ಭಾಮೈದ ಮೊನ್ನೆ ಮನೆಗೆ ಬಂದಿದ್ದ. ಇದನ್ನೆಲ್ಲ ಹೇಳಿದೆ. ಅವನು ಒಪ್ಪಲೇ ಇಲ್ಲ. ಅಲ್ಲಿ ಯಾವುದೋ ಊರಲ್ಲಿ ಬಾಡಿಗೆ ಸ್ಕೂಟರ್ ತಗೊಂಡು ಹೆಲ್ಮೆಟ್ ಇಲ್ಲದೆ ಹೊರಟಿದ್ದನಂತೆ. ಮೊದಲ ತಿರುವಿನಲ್ಲೇ ಪೊಲೀಸರು ಹಿಡಿದರಂತೆ.

"ಐದು ನಿಮಿಷ ಆಗಿರಲಿಲ್ಲ ಭಾವ. ಎಂಥ ಸ್ಟ್ರಿಕ್ಟು ಗೊತ್ತಾ ಅಲ್ಲಿ!"