ತೊಲೆಗಳ ಮೇಲೆ ನಂಬರ್ ಬರೆಯಿರಿ

ಹಳೆಯ ವಾಡೆಯನ್ನು (ದೊಡ್ಡ ಮನೆತನದ ಮನೆಯನ್ನು) ಬಿಚ್ಚಿ ಬೇರೆ ಊರಿನಲ್ಲಿ ನಿಲ್ಲಿಸಿ ಅತಿಥಿಗೃಹ ಮಾಡುವುದು ಪರಂಪರೆಗೆ ಬಗೆಯುವ ದ್ರೋಹ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಬಾಗಲಕೋಟೆಯವನಾದ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮ ಮನೆಯೂ ಹೋಯಿತು. ಪಡಸಾಲೆಯ ಸಾಗುವಾನಿ ಕಂಬಗಳನ್ನು ವ್ಯಾಪಾರಿಯೊಬ್ಬ ಉರುವಲಿನ ದರಕ್ಕೆ ಕೊಂಡೊಯ್ದ. ಉಳಿದದ್ದು ಒಂದು ಅಗಳಿ ಮಾತ್ರ. ಕೈ ಆಡಿ ಆಡಿ ನಡುವೆ ಸವೆದಿರುವ ಅದನ್ನು ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ಮನೆಯ ಶೋಕೇಸಿನಲ್ಲಿ ಇಟ್ಟಿದ್ದೇನೆ. ಹೆಂಡತಿ ನಗುತ್ತಾಳೆ.

ನಮ್ಮ ಜಿಲ್ಲೆಯ ಮುಧೋಳ ಅರಮನೆಯ ದರ್ಬಾರ್ ಹಾಲ್ ನೋಡಬೇಕಾದರೆ ಇಂದು ಮಣಿಪಾಲಕ್ಕೆ ಹೋಗಬೇಕು. ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಎಂಬ ಹಳೆಯ ಮನೆಗಳ ಸಂಗ್ರಹಾಲಯದಲ್ಲಿ ಅದನ್ನು ಮತ್ತೆ ನಿಲ್ಲಿಸಿದ್ದಾರೆ. ಮುಧೋಳವನ್ನು ಆಳಿದ ಘೋರ್ಪಡೆಯವರ ದರ್ಬಾರು ಕರಾವಳಿಯ ಮಳೆಯಲ್ಲಿ! ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅದು ಇದೆಯಲ್ಲ.

ಸ್ಥಳಾಂತರದಲ್ಲಿ ಕಳೆದುಹೋಗುವುದೂ ಇದೆ. ಮರ ಲಾರಿ ಹತ್ತುತ್ತದೆ. ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮಣ್ಣು, ನೆಲದಡಿಯ ಹಗೇವು (ಕಾಳು ತುಂಬಿಡುವ ಗುಂಡಿ) ಬರುವುದಿಲ್ಲ. ಹಾಗಾಗಿ ಬಿಚ್ಚುವ ಮೊದಲು ಅಳತೆ ತೆಗೆದು ನಕ್ಷೆ ಬರೆಯಬೇಕು, ತೊಲೆ, ಜಂತಿ, ಬೋದಿಗೆ (ಕಂಬದ ತಲೆಯ ಮೇಲಿನ ಮರ) ಒಂದೊಂದರ ಮೇಲೂ ನಂಬರ್ ಹಾಕಬೇಕು. ಜೋಡಣೆ ತಿಳಿದ ಬಡಿಗರು ಜೊತೆಯಲ್ಲಿರಬೇಕು. ಇಲ್ಲದಿದ್ದರೆ ಅದು ಬರೀ ಕಟ್ಟಿಗೆಯ ರಾಶಿ.

ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಮುಂದಿದೆ. ಮುಳುಗಲಿರುವ ಊರುಗಳ ವಾಡೆಗಳಲ್ಲಿ ಒಂದೆರಡನ್ನಾದರೂ ನವನಗರಕ್ಕೆ ತಂದು ಗ್ರಂಥಾಲಯ ಮಾಡಲಿ. ಮಣಿಪಾಲದವರಿಗೆ ಸಾಧ್ಯವಾದದ್ದು ನಮಗೇಕೆ ಆಗುವುದಿಲ್ಲ?